ಒಂದು ಹಲ್ಲು ಕಡಿಮೆ

ಬಿಜಾಪುರದ ಗಾಂಧಿ ಚೌಕದ ಅಂಗಡಿಯೊಂದರಲ್ಲಿ ಗಾಜಿನ ಹಿಂದೆ ಹೊಸ ಲ್ಯಾಪ್‌ಟಾಪ್ ಬಂದು ಕೂತಿದೆ. ಈಗಷ್ಟೇ ಬಿಡುಗಡೆಯಾದದ್ದು. ಎರಡು ಕಡಕ್ ರೊಟ್ಟಿ ಒಂದರ ಮೇಲೊಂದು ಇಟ್ಟಷ್ಟೇ ದಪ್ಪ. ಮೂರು ವಾರದಲ್ಲಿ ನಾಲ್ಕು ಸಲ ಹೋಗಿ ನೋಡಿ ಬಂದೆ. ಮೊದಲ ಸಲ ಅಂಗಡಿಯ ಹುಡುಗ ಚಹಾ ತರಿಸಿದ. ನಾಲ್ಕನೇ ಸಲ ತಲೆಯನ್ನೂ ಎತ್ತಲಿಲ್ಲ.

ಮಗನಿಗಂತೂ ತೀರ್ಮಾನ ಆಗಿಹೋಗಿದೆ. ನನಗೆ ಆಗಿಲ್ಲ. ಹೊಸದರ ಗುಣಗಾನ ಮಾಡುವವರು ಊರ ತುಂಬ ಇದ್ದಾರೆ, ಹಳೆಯದನ್ನು ಯಾರೂ ಕೇಳುವುದಿಲ್ಲವಲ್ಲ ಎನ್ನಿಸಿ, ಒಂದು ಭಾನುವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆಯ ಹಳೆಯ ಲ್ಯಾಪ್‌ಟಾಪಿನ ಮುಂದೆ ಹಾಳೆ ಪೆನ್ನು ಹಿಡಿದು ಕೂತೆ. ಎಡಗಡೆಯ ಕೀಲು ಮುರಿದಿದೆ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಬ್ಯಾಟರಿ ಸತ್ತು ಎರಡು ವರ್ಷ. ಚಾರ್ಜರಿನ ಪಿನ್ನು ಸಡಿಲಾಗಿದೆ. ಬಬಲೇಶ್ವರ ಬಸ್ಸಿನ ಟಿಕೀಟು ನಾಲ್ಕು ಮಡಿಕೆ ಮಾಡಿ ಅದರ ಕೆಳಗೆ ಸಿಕ್ಕಿಸಿದರೆ ಮಾತ್ರ ಜೀವ ಬರುತ್ತದೆ. ಗುಂಡಿ ಒತ್ತಿದೆ. ಚುಕ್ಕೆಗಳು ತಿರುಗತೊಡಗಿದವು. ಹಾಸಿಗೆ ಹಾಸಿ ಬಂದೆ. ಇನ್ನೂ ತಿರುಗುತ್ತಿದ್ದವು. ಕೊನೆಗೆ ಎದ್ದಿತು.

ನಾನು: ನಮಸ್ಕಾರ. ಎಂಟೂವರೆ ವರ್ಷಗಳ ಸುದೀರ್ಘ ಸೇವೆಯ ಈ ಸಂದರ್ಭದಲ್ಲಿ ತಾವು...

ಲ್ಯಾಪ್‌ಟಾಪ್: ‘ತಾವು’ ಅಂದ್ರಿ? ನಿನ್ನಿತನಾ ‘ಏಳಲೇ’ ಅಂತ ಬೆನ್ನಿಗೆ ಬಡೀತಿದ್ರಿ. ನಿಮ್ಮ ಸಾಲ್ಯಾಗ ರಿಟೈರ್ ಆಗೋ ಮಾಸ್ತರಿಗೆ ಶಾಲು ಹೊಚ್ಚೋ ದಿನಾನ ಎಲ್ಲಾರಿಗೂ ‘ತಾವು’ ನೆನಪಾಗ್ತದ. ಶಾಲು ಎಲ್ಲಿ ಇಟ್ಟೀರಿ, ತೋರಸ್ರಿ.

ನಾನು: ಹಾಗೇನಿಲ್ಲ. ಸುಮ್ಮನೆ ನಾಲ್ಕು ಮಾತು. ನಿಮ್ಮ ವಯಸ್ಸಿನಿಂದ ಶುರು ಮಾಡೋಣವೇ?

ಲ್ಯಾಪ್‌ಟಾಪ್: ಸಂಕ್ರಮಣಕ್ಕ ತೊರವಿ ದನದ ಜಾತ್ರಿಗೆ ಹೋಗ್ತೀರಲ್ಲ, ಅಲ್ಲಿ ವಯಸ್ಸು ಕೇಳ್ತಾರೇನು? ಬಾಯಿ ಬಿಚ್ಚಿ ಹಲ್ಲು ಎಣಸ್ತಾರ. ಎರಡು ಹಲ್ಲು, ನಾಕು ಹಲ್ಲು, ಆರು ಹಲ್ಲು. ಎಂಟಾತು ಅಂದ್ರ ಬಾಯಿಗೂಡಿತು. ನಮ್ಮೊಳಗೂ ಹಂಗ ಎಣಿಕಿ ಅದ, ಹಲ್ಲಿನ ಬದಲಿ ತಲೆಮಾರು ಅಂತಾರ. ಎತ್ತಿಗೆ ಹಲ್ಲು ತುಂಬಿದ ಮ್ಯಾಲ ಕಿಮ್ಮತ್ತು ಇಳೀತದ, ನಮ್ಮಲ್ಲಿ ಉಲ್ಟಾ. ನನ್ನ ಪ್ರೊಸೆಸರ್ ಇಂಟೆಲ್‌ದು, ಏಳನೇ ತಲೆಮಾರು. ವಿಂಡೋಸ್ 11 ಕೇಳೋದು ಎಂಟನೇದು. ಒಂದು ಹಲ್ಲು ಕಡಿಮಿ ಬಿತ್ತು.

ನಾನು: ಆ ಒಂದು ಹಲ್ಲು ಕಡಿಮೆಯಾದದ್ದು ದುರದೃಷ್ಟ.

ಲ್ಯಾಪ್‌ಟಾಪ್: ದುರದೃಷ್ಟ ಅಲ್ಲ, ನಿಮ್ಮ ಗಡಿಬಿಡಿ. 2017ರ ಜೂನ್ ನೆನಪ ಮಾಡ್ಕೊಳ್ರಿ. ಜುಲೈ 1ಕ್ಕ ಜಿಎಸ್‌ಟಿ ಬರ್ತದ, ಲ್ಯಾಪ್‌ಟಾಪಿಗೆ 18 ಪರ್ಸೆಂಟ್ ಬೀಳ್ತದ, ಅದರೊಳಗ ತಗೊಂಡವರೇ ಶಾಣ್ಯಾರು ಅಂತ ಅಂಗಡಿ ಮುಂದ ಬೋರ್ಡು. ನೀವು ಕೊಡಿ ಸೈತ ತರದ ಮಳ್ಯಾಗ ಓಡಿ ಬಂದ್ರಿ. ತೆರಿಗಿ ಉಳಿಸಿದ್ರಿ, ಒಪ್ಪಿದೆ. ಆಗಸ್ಟ್ 21ಕ್ಕ ಇಂಟೆಲ್‌ದವರು ಎಂಟನೇ ತಲೆಮಾರು ಬಿಟ್ರು. ಎರಡು ತಿಂಗಳು. ಬರೇ ಎರಡು ತಿಂಗಳು ತಡ್ಕೊಂಡಿದ್ರ ಇವತ್ತ ಈ ಸಂದರ್ಶನಾನೇ ಇರ್ತಿದ್ದಿಲ್ಲ. ಉಳಿದ ರೊಕ್ಕದಾಗ ಏನ್ ತಗೊಂಡ್ರಿ?

ನಾನು: ಮಿಕ್ಸರ್.

ಲ್ಯಾಪ್‌ಟಾಪ್: ಅದು ಎಲ್ಲದ?

(ಅಟ್ಟದ ಮೇಲೆ ಇದೆ. ಸುಟ್ಟುಹೋಗಿ ಐದು ವರ್ಷವಾಯಿತು. ಈ ಉತ್ತರವನ್ನು ನಾನು ಕೊಡಲಿಲ್ಲ.)

ಲ್ಯಾಪ್‌ಟಾಪ್: ಗಾಂಧಿ ಚೌಕದ ಅಂಗಡ್ಯಾಗ ಈಗೇನ್ ಬರದಾರ? ‘ಆಫರ್ ಎರಡೇ ದಿನ.’ ಹೌದಲ್ಲೋ?

ನಾನು: ಅದಿರಲಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು. ಆ ದಿನ ನಿಮ್ಮ ಮನಸ್ಥಿತಿ ಹೇಗಿತ್ತು?

ಲ್ಯಾಪ್‌ಟಾಪ್: ಮುಂಜಾನೆ ಹೆಂಗಿದ್ನೋ ಸಂಜಿಗೂ ಹಂಗ ಇದ್ದೆ. ಪರದೆ ಮ್ಯಾಲ ಒಂದು ಚೀಟಿ ಹಚ್ಚಿದ್ರು, ಅಷ್ಟ. ಅರವತ್ತು ತುಂಬಿದ ದಿನ ಮಾಸ್ತರ ಮುಂಜಾನೆ ಶಾಣ್ಯಾ, ಸಂಜಿಕ್ಕ ಹೆಡ್ಡ ಆಗ್ತಾನೇನು? ಆದ್ರ ಖರೆ ಮಾತು ಮುಚ್ಚಿಡಬಾರದು. ಹೊಸ ಕಳ್ಳರು ಬಂದ್ರ ನನ್ನ ಬಾಗಲಕ್ಕ ಹೊಸಾ ಕೀಲಿ ಹಾಕೋರು ಇನ್ನ ಇಲ್ಲ. ಒಂದು ವರ್ಷದ ಎಕ್ಸ್‌ಟೆನ್ಶನ್ ಅದ, ಮೈಕ್ರೋಸಾಫ್ಟ್ ಖಾತೆಯಿಂದ ಹೆಸರು ನೋಂದಾಯಿಸಿದ್ರ 2026ರ ಅಕ್ಟೋಬರ್ 13ರ ತನಕ ಕೀಲಿ ಬದಲಿ ಮಾಡ್ತಾರ. ಚೀಟ್ಯಾಗ ಅದನ್ನೂ ಬರದಿದ್ರು. ನೀವು ಓದದ ಮೂಲ್ಯಾಗಿನ ಗುಣಾಕಾರ ಒತ್ತಿದ್ರಿ.

ನಾನು: ಹೊಸದರಲ್ಲಿ ಕೃತಕ ಬುದ್ಧಿಗೇ ಬೇರೆ ಚಿಪ್ಪು ಇದೆಯಂತೆ. ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಮೈಕ್ರೋಸಾಫ್ಟ್‌ನವರು ತಮ್ಮ ಕೃತಕ ಬುದ್ಧಿಯ ಪಟ್ಟಿಯನ್ನೇ ಕಟ್ಟುವುದಿಲ್ಲವಂತೆ. ಕೀಲಿಮಣೆಯಲ್ಲಿ ಅದಕ್ಕೊಂದು ಪ್ರತ್ಯೇಕ ಗುಂಡಿ!

ಲ್ಯಾಪ್‌ಟಾಪ್: ಕೇಳಿ ಭಾಳ ಖುಷಿ ಆತು. ಈಗ ನಿಮ್ಮ ಲೆಕ್ಕ ನೋಡೂಣು. ಟಿಕೋಟದ ನಿಮ್ಮಣ್ಣನ ಶೆಡ್ಡಿನ ಮಣೂಕ, ಹೋದ ಸುಗ್ಗಿಗೆ 15 ಕೆಜಿದು 214 ಬಾಕ್ಸ್. ತಾಸಗಾಂವಿಗೆ ಹೋದ ಬಾಡಿಗಿ, ಹಮಾಲಿ, ಗೊನಿ ಅದ್ದಾಕ ಎಣ್ಣಿ, ಕಾರ್ಬೊನೇಟ್, ಜಾಳಗಿ ರಿಪೇರಿ. ಒಟ್ಟ ಎಷ್ಟು ಸಾಲು? ಅರವತ್ತು. ಅದರಾಗ ನಾಕು ಸಾಲು ನಿಮ್ಮಣ್ಣಗ ಮತ್ತ ನಿಮಗ ಜಗಳ. ಆ ಜಗಳ 40 ಲಕ್ಷ ಕೋಟಿಯಿಂದ ಬಗೀಹರೀತದೇನು?

(ಜಗಳ ಇನ್ನೂ ಇದೆ. ಮನೆಗೆಂದು ಇಟ್ಟ ಒಣದ್ರಾಕ್ಷಿ ಬಾಕ್ಸಿನ ತೂಕ ಕಡಿಮೆ ಬಂತು, ಲೆಕ್ಕ ಬರೆಯುತ್ತ ಬರೆಯುತ್ತ ನಾನೇ ತಿಂದೆ ಎಂದು ಅಣ್ಣನ ಆರೋಪ. ದ್ರಾಕ್ಷಿಗೊನೆ ಅದ್ದಿ ಬಲೆಯ ಮೇಲೆ ಹರವಿದ ಶೆಡ್ಡಿನಲ್ಲಿ ಹದಿನೈದು ದಿನ ಕಳೆದ ಮೇಲೆ ಒಬ್ಬ ಮನುಷ್ಯ ಕೈ ಕಟ್ಟಿಕೊಂಡು ಕೂರಬೇಕೆಂದರೆ ಅವನಿಗೆ ಕೃತಕ ಬುದ್ಧಿಯೇ ಬೇಕು.)

ನಾನು: ನನ್ನ ಕೆಲಸ ಬರೀ ಮಣೂಕದ ಲೆಕ್ಕವಲ್ಲ. ನಾನು ಬರಹಗಾರ ಕೂಡ.

ಲ್ಯಾಪ್‌ಟಾಪ್: ಹೌದಾ? ನನ್ನ ಹೊಟ್ಟ್ಯಾಗ ‘ಕಾದಂಬರಿ’ ಅಂತ ಒಂದು ಫೈಲ್ ಅದ. 2017ರ ಜುಲೈದು. ಹನ್ನೊಂದು ಶಬ್ದ. ಅದರಾಗ ಮೂರು ನಿಮ್ಮ ಹೆಸರು.

ನಾನು: ಯಂತ್ರ ನಿಧಾನ ಇದ್ದರೆ ಏನು ಬರೆಯಲಿ? ಇದೇ ಊರಿನ ಫ.ಗು. ಹಳಕಟ್ಟಿಯವರನ್ನು ನೋಡಿ. ಮನೆ ಮಾರಿ ಹಿತಚಿಂತಕ ಪ್ರೆಸ್ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಸಾಧನಕ್ಕೆ ಖರ್ಚು ಮಾಡಲು ಹಿಂಜರಿದಿದ್ದರೆ ವಚನಗಳು ಅಚ್ಚಿಗೆ ಬರುತ್ತಿದ್ದವೇ?

ಲ್ಯಾಪ್‌ಟಾಪ್: ಈ ಮಾತು ಬರ್ತದ ಅಂತ ನನಗ ಗೊತ್ತಿತ್ತು. ಹಳಕಟ್ಟಿ ಅಜ್ಜಾರು ಊರೂರು ತಿರುಗಿ ಓಲಿಗರಿ ಕಟ್ಟು ಕೂಡಿಸಿದ್ರು, ಓದಿದ್ರು, ತಿದ್ದಿದ್ರು. ಆಮ್ಯಾಲ ಮಷಿನ್. ನೀವು ಮಷಿನ್ ಮದಲ ಮಾಡೀರಿ, ಓಲಿಗರಿ ಇನ್ನ ಹುಡುಕಬೇಕು. ಮತ್ತ ನಿಮಗ ಮನಿ ಮಾರೋ ತ್ರಾಸ ಇಲ್ಲ, ಕಂತು ಅದ.

ಇಲ್ಲಿ ನನಗೆ ಸಿಟ್ಟು ಬಂದದ್ದು ನಿಜ. ಸಂದರ್ಶಕ ಸಿಟ್ಟು ಮಾಡಿಕೊಳ್ಳಬಾರದು ಎಂಬ ನಿಯಮ ನೆನಪಾಗಿ ವಿಷಯ ಬದಲಿಸಿದೆ.

ನಾನು: ಅಪ್‌ಗ್ರೇಡ್ ಎಂಬ ಶಬ್ದದ ಬಗ್ಗೆ ನಿಮ್ಮ ಅಭಿಪ್ರಾಯ?

ಲ್ಯಾಪ್‌ಟಾಪ್: ಗೋಳಗುಮ್ಮಟ ಬಿಡ್ರಿ, ಅದನ್ನ ಎಲ್ಲಾರೂ ಹೇಳ್ತಾರ. ಟಿಕೋಟ ಬಸ್ಸಿನ್ಯಾಗ ಹೋಗಾಗ ತೊರವಿ ಹತ್ರ ಹಾಳುಬಿದ್ದ ಗ್ವಾಡಿ, ಕಮಾನು ಕಾಣ್ತಾವಲ್ಲ, ಅದು ನವರಸಪುರ. ಎರಡನೇ ಇಬ್ರಾಹಿಂ ಆದಿಲ್‌ಶಾಹ ಬಿಜಾಪುರದಂಥ ಬಿಜಾಪುರ ಸಾಲದಾಗಿ 1599ರಾಗ ಹೊಸಾ ರಾಜಧಾನಿ ಕಟ್ಟಾಕ ನಿಂತ. ಸಂಗೀತ ಮಹಲು ಏನು, ಅರಮನಿ ಏನು. ಸುತ್ತ ಕೋಟಿಗ್ವಾಡಿ ಪೂರಾ ಆಗಿದ್ದಿಲ್ಲ. 1624ರಾಗ ಮಲಿಕ್ ಅಂಬರ್ ಬಂದು ಸುಲಿಗಿ ಮಾಡಿ ಹೋದ. ಎಲ್ಲಾರೂ ತಿರುಗಿ ಹಳೇ ಊರಿಗೇ ಬಂದ್ರು. ಹೊಸಾದರಾಗ ಸಂಗೀತ ಛಲೋ ಕೇಳತಿತ್ತಂತ. ಬಾಗಲ ಇದ್ದಿಲ್ಲ.

ನಾನು: ಅಂದರೆ ಬಾಗಿಲಿಲ್ಲದ ಊರಿಗಿಂತ ಹಳೆಯದೇ ಸುರಕ್ಷಿತ ಎನ್ನುತ್ತೀರಿ. ಆದರೆ ನಿಮಗೇ ಈಗ ಕೀಲಿ ಇಲ್ಲವಲ್ಲ?

ಲ್ಯಾಪ್‌ಟಾಪ್: (ಫ್ಯಾನು ಜೋರಾಗಿ ತಿರುಗಿತು. ಉತ್ತರ ಬರಲು ಹೊತ್ತಾಯಿತು.) ಅದಕ್ಕ ಬ್ಯಾಂಕಿನ ಕೆಲಸ ನನ್ನ ಮ್ಯಾಲ ಮಾಡಬ್ಯಾಡ್ರಿ ಅಂದೆ. ಅಂದಿಲ್ಲೇನು? ಈಗ ಅಂದೆ.

ನಾನು: ಹೊಸದಕ್ಕೆ ಹೋದರೆ ಫೈಲುಗಳನ್ನೆಲ್ಲ ಐದು ನಿಮಿಷದಲ್ಲಿ ವರ್ಗಾಯಿಸಬಹುದು ಎಂದು ಅಂಗಡಿಯವರು ಹೇಳಿದರು.

ಲ್ಯಾಪ್‌ಟಾಪ್: ವರ್ಗಾ ಆಗ್ತಾವ. ಓದಾಕ ಬರ್ತಾವೇನು? ನಿಮ್ಮ ಪ್ರಶ್ನೆಪತ್ರಿಕೆ, ಬೀಳ್ಕೊಡುಗೆ ಭಾಷಣ, ತಂಗಿ ಲಗ್ನಪತ್ರಿಕೆ, ಎಲ್ಲಾ ಹಳೇ ನುಡಿ ಅಕ್ಷರದಾಗ ಅವ. ಯುನಿಕೋಡ್ ಅಲ್ಲ. ಆ ಫಾಂಟು ಇಲ್ಲದ ಮಷಿನ್ಯಾಗ ತಗದ್ರ ಕನ್ನಡ ಇರೂದಿಲ್ಲ. ಇಂಗ್ಲಿಷ್ ಅಕ್ಷರದ ತೆಲಿ ಮ್ಯಾಲ ಟೊಪಿಗಿ, ಕೊಂಬು, ಎರಡೆರಡು ಚುಕ್ಕಿ. ಹೋದ ವರ್ಷ ಪೆನ್‌ಡ್ರೈವ್ ಒಯ್ದು ಝೆರಾಕ್ಸ್ ಅಂಗಡ್ಯಾಗ ಕೊಟ್ರಿ. ಏಳನೇತ್ತೆ ಕನ್ನಡ ಪರೀಕ್ಷಾ. ಆ ಹುಡುಗ ನೋಡ್ದೆ ನಲವತ್ತು ಪ್ರತಿ ತಗದು ಕೊಟ್ಟ. ಒಂದು ಹುಡುಗಿ ಅದಕ್ಕೂ ಉತ್ತರ ಬರದಿದ್ಲಲ್ಲ?

(ಬರೆದಿದ್ದಳು. ಮೂರು ಪುಟ. ನಾನು ಅಂಕ ಕೊಟ್ಟಿದ್ದೇನೆ.)

ಲ್ಯಾಪ್‌ಟಾಪ್: ಮದಲ ಅವನ್ನ ಯುನಿಕೋಡಿಗೆ ಪರಿವರ್ತನಾ ಮಾಡ್ಕೊಳ್ರಿ. ಅದಕ್ಕ ಪುಕ್ಕಟೆ ಪರಿವರ್ತಕ ಅವ. ಅರ್ಕಾವೊತ್ತು ಅಲ್ಲಲ್ಲಿ ಜಾಗಾ ತಪ್ಪಿದ್ರ ಕೈಯಿಂದ ತಿದ್ರಿ. ಆಮ್ಯಾಲ ನನ್ನನ್ನ ಇಟ್ಟೂ ಆದೀತು, ಬಿಟ್ಟೂ ಆದೀತು. ಲಿನಕ್ಸ್ ಹಾಕಿದ್ರೂ ಅದರಾಗ ಕಗಪ ಕೀಲಿಮಣಿ ಅದ, ನಿಮ್ಮ ಬೆರಳು ಹೊಸಾದು ಕಲಿಯೂ ಪ್ರಮೇಯ ಇಲ್ಲ.

ನಾನು: ನಿಮ್ಮನ್ನು ಹಳೆಯದಕ್ಕೆ ಹೊಸದು ಯೋಜನೆಯಲ್ಲಿ ಕೊಟ್ಟರೆ ಎಷ್ಟು ಕೊಡುತ್ತಾರೆ ಎಂದು ವಿಚಾರಿಸಿದೆ. ಹೇಳಲಿಕ್ಕೆ ಸಂಕೋಚ.

ಲ್ಯಾಪ್‌ಟಾಪ್: ಸಂಕೋಚ ಯಾಕ? ಮಲಿಕ್-ಎ-ಮೈದಾನ್ ತೋಪು, 1549ರಾಗ ಅಹ್ಮದನಗರದಾಗ ಎರಕ ಹೊಯ್ದದ್ದು, 55 ಟನ್ನು. 1854ರಾಗ ಬ್ರಿಟಿಷರು ಹರಾಜಿಗೆ ಇಟ್ಟಾಗ ಬಂದ ಕಿಮ್ಮತ್ತು 150 ರೂಪಾಯಿ. ಆಮ್ಯಾಲ ಮ್ಯಾಲಿನವರು ಹರಾಜು ರದ್ದು ಮಾಡಿದ್ರು, ಅದು ಇಲ್ಲೇ ಉಳೀತು. ನನಗ ಎಷ್ಟು ಅಂದ್ರು?

ನಾನು: ತೋಪಿಗಿಂತ ಸ್ವಲ್ಪ ಹೆಚ್ಚು.

ಲ್ಯಾಪ್‌ಟಾಪ್: ಆತು ಬಿಡ್ರಿ, ಜೀವನ ಸಾರ್ಥಕ. ಗುಜರಿಯವಗ ಮಾತ್ರ ಕೊಡಬ್ಯಾಡ್ರಿ. ಅಂವ ತಾಮ್ರಕ್ಕ ಸುಡ್ತಾನ. ಇ-ತ್ಯಾಜ್ಯದ ಕಾನೂನು ಅದ, 2023ರ ಏಪ್ರಿಲ್‌ದಿಂದ ಹೊಸಾ ನಿಯಮ. ನೋಂದಾಯಿತ ಮರುಬಳಕಿ ಮಂದಿ ಕೈಗೆ ಹೋಗಲಿ.

ನಾನು: ಕೊನೆಯ ಪ್ರಶ್ನೆ. ನಾನು ಏನು ಮಾಡಲಿ?

ಲ್ಯಾಪ್‌ಟಾಪ್: ನನ್ನ ಹಾರ್ಡ್‌ಡಿಸ್ಕು ನಿಮಿಷಕ್ಕ 5,400 ಸುತ್ತು ತಿರುಗ್ತದ. ನಿಮ್ಮ ತ್ರಾಸೆಲ್ಲಾ ಅದು. ಅದನ್ನ ತಗದು ಎಸ್‌ಎಸ್‌ಡಿ ಹಾಕಸ್ರಿ. 4 ಜಿಬಿ ಮೆಮೊರಿ ಅದ, ಬಾಜೂಕ ಒಂದು ಕಿಸೆ ಎಂಟೂವರೆ ವರ್ಷದಿಂದ ಖಾಲಿ. ಅದನ್ನ ತುಂಬಸ್ರಿ. ಮೆಮೊರಿ ತುಟ್ಟಿ ಆಗೇದ, ಅದು ಖರೆ. ಎಲ್ಲಾ ಮಾಲು ಕೃತಕ ಬುದ್ಧಿಯ ದೊಡ್ಡ ದೊಡ್ಡ ಕೇಂದ್ರಗಳಿಗೇ ಹೋಗಾಕತ್ತದ. 2025ರ ಡಿಸೆಂಬರ್‌ನಾಗ ಮೈಕ್ರಾನ್‌ದವರು ನಿಮ್ಮಂಥವರಿಗೆ ಬಿಡಿಯಾಗಿ ಮಾರೋ ಕ್ರೂಷಿಯಲ್ ಧಂದೆನೇ ಬಿಡ್ತೀವಿ ಅಂದ್ರು. ಹಂಗಂತ ಹೊಸಾ ಲ್ಯಾಪ್‌ಟಾಪ್ ಸೋವಿ ಆಗ್ತದೇನು, ಅದರಾಗೂ ಅದ ಮೆಮೊರಿ.

ನಾನು: ಕಿಸೆ ತುಂಬಿಸು ಎನ್ನುವ ಸಲಹೆ ನಮ್ಮ ಜಿಲ್ಲೆಗೆ ಒಗ್ಗುತ್ತದೆಯೇ?

ಲ್ಯಾಪ್‌ಟಾಪ್: ಬಿಜ್ಜರಗಿಯಾಗ ಹುಟ್ಟಿದ ಸಿದ್ಧೇಶ್ವರ ಅಪ್ಪಾರು ಕಿಸೆ ಇಲ್ಲದ ಅಂಗಿ ಹಾಕಿ ಬಾಳಿದ್ರು. ಅವರ ಪ್ರವಚನ 42 ಇಳಿಸಿ ಇಟ್ಕೊಂಡೀರಿ. ಅದ ಫೋಲ್ಡರಿನ್ಯಾಗ ಹೊಸಾ ಲ್ಯಾಪ್‌ಟಾಪಿನ ಕಂತಿನ ಲೆಕ್ಕಾನೂ ಇಟ್ಟೀರಿ. 18 ತಿಂಗಳದ್ದು. ಎರಡನ್ನೂ ಪೂರಾ ತಗದು ನೋಡಿಲ್ಲ.

ಇಷ್ಟಾಗುವಾಗ ಟಿಕೀಟು ಜಾರಿ ಪಿನ್ನು ಸಡಿಲಾಯಿತು. ಪರದೆ ಕಪ್ಪಾಯಿತು.

ಮರುದಿನ ಸಂಜೆ ರಿಪೇರಿ ಹುಡುಗನ ಮುಂದೆ ಇಟ್ಟೆ. ಅವನು ಹನ್ನೊಂದು ತಿರುಪು ಬಿಚ್ಚಿ, ಒಂದು ಪ್ಲಾಸ್ಟಿಕ್ ಪಟ್ಟಿಯಿಂದ ಸುತ್ತಲೂ ಎಬ್ಬಿಸಿ ಹೊಟ್ಟೆ ತೆರೆದ. ಫ್ಯಾನಿನ ಮೇಲೆ ಕಂಬಳಿಯ ಹಾಗೆ ದೂಳು. ಬ್ರಶ್ಶು ಆಡಿಸಿ, ಬ್ಲೋವರ್ ಹಿಡಿದ. ದೂಳು ಹಾರಿತು. ಅದರೊಳಗಿಂದ ಒಂದು ಸಣ್ಣ ವಸ್ತು ಟಕ್ಕನೆ ಮೇಜಿನ ಮೇಲೆ ಬಿದ್ದು ಉರುಳಿತು. ಕಂದು ಬಣ್ಣ, ಸುಕ್ಕು ಸುಕ್ಕು, ತುದಿಯಲ್ಲಿ ಕಡ್ಡಿಯಂಥ ತೊಟ್ಟು.

‘ಸರ್, ಇದೇನ್ರಿ?’ ಎಂದ ಹುಡುಗ.

ಮಣೂಕ. ಅಣ್ಣನಿಗೆ ಫೋನು ಮಾಡಿದೆ. ‘ಒಂದು ಸಿಕ್ಕದ’ ಅಂದೆ.

‘ಉಳಿದವು?’ ಅಂದ.