ಗಾಡಿ ಕೆಳಗಿನ ತಟ್ಟೆ

ನಮ್ಮ ಪಕ್ಕದ ಮನೆ ರಾಯರ ಹತ್ತಿರ ಒಂದು ಬ್ರಿಟಿಷ್ ಮೋಟರ್‌ಸೈಕಲ್ ಇದೆ. ಯಾವ ಕಂಪನಿಯದು ಅಂತ ನಾನು ಬಾಯಿ ಬಿಡುವುದಿಲ್ಲ. ಬಿಟ್ಟರೆ ಅದರ ಮಾನ ತೆಗೆದೆ ಅಂತ ಅವರು ಕಾಂಪೌಂಡ್ ಹಾರಿ ಬಂದಾರು. ಗಾಡಿಗೆ ರಾಯರಿಗಿಂತ ಹೆಚ್ಚು ವಯಸ್ಸು. ಭಾನುವಾರ ಬೆಳಗ್ಗೆ ಅದನ್ನು ಹೊರಗೆ ತಳ್ಳಿ ತಂದು, ಹಳೇ ಬನಿಯನ್ನಿನಲ್ಲಿ ಒರೆಸಿ, ಸ್ಟ್ಯಾಂಡ್ ಹಾಕಿ, ಎಂಜಿನ್ನಿನ ಅಡಿಗೆ ಒಂದು ಸ್ಟೀಲ್ ತಟ್ಟೆ ಇಡುತ್ತಾರೆ. ಅವರ ಮದುವೆಗೆ ಉಡುಗೊರೆ ಬಂದ ತಟ್ಟೆ. ಅಂಚಿನಲ್ಲಿ ಕೊಟ್ಟವರ ಹೆಸರು ಕೊರೆದಿತ್ತಂತೆ. ತೊಟ್ಟು ತೊಟ್ಟು ಎಣ್ಣೆ ಬಿದ್ದು ಈಗ ಓದುವ ಹಾಗಿಲ್ಲ.

"ಸೋರ್ತಾ ಇದೆಯಲ್ಲ ರಾಯರೇ?"

"ಸೋರ್ತಾ ಇಲ್ಲ ಕಣ್ರೀ. ಒಳಗೆ ಎಣ್ಣೆ ಇದೆ ಅಂತ ತಿಳಿಸ್ತಾ ಇದೆ. ಸೋರೋದು ನಿಂತರೆ ಆಗ ಹೆದರಬೇಕು."

ನಾನು ಮೈಸೂರಿನವನು, ಯೆಜ್ಡಿಯವನು. ಅಂದರೆ ರಾಯರ ಲೆಕ್ಕದಲ್ಲಿ ಟೂ ಸ್ಟ್ರೋಕ್ ಜಾತಿ, ಹೊಗೆ ಕುಡಿದು ಬೆಳೆದವನು. ಹಾಗಾಗಿ ಭಾನುವಾರದ ಕಾಫಿ ಲೋಟ ಕಾಂಪೌಂಡ್ ಗೋಡೆಯ ಮೇಲೆ ಕೂತಿತೆಂದರೆ ಬರ್ಮಿಂಗ್‌ಹ್ಯಾಮ್ ಪುರಾಣ ಕೇಳುವುದು ತಪ್ಪುವುದಿಲ್ಲ. ಕೇಳಿ ಕೇಳಿ ನನಗೂ ಬಾಯಿಪಾಠ ಆಗಿದೆ.

ಆ ಊರಿನ ಮೋಟರ್‌ಸೈಕಲ್ ಕಂಪನಿ ಬಿಎಸ್ಎ ಹುಟ್ಟಿದ್ದು 1861ರಲ್ಲಿ, ಬಂದೂಕು ಮಾಡುವವರು ಒಟ್ಟು ಸೇರಿ. ಮೂರು ಕೋವಿಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದೇ ಅದರ ಲಾಂಛನ. ರಾಯಲ್ ಎನ್‌ಫೀಲ್ಡ್‌ನ ರೆಡಿಚ್ ಹೊಲಿಗೆ ಸೂಜಿಗೆ ಹೆಸರಾದ ಊರು. ಟ್ರಯಂಫ್ ಶುರುಮಾಡಿದ ಸೀಗ್‌ಫ್ರೀಡ್ ಬೆಟ್‌ಮನ್ ಜರ್ಮನಿಯವನು. 1940ರಲ್ಲಿ ಜರ್ಮನ್ ಬಾಂಬುಗಳೇ ಬಿದ್ದು ಕವೆಂಟ್ರಿಯ ಆ ಕಾರ್ಖಾನೆ ನೆಲಸಮವಾಯಿತು. ಆಮೇಲೆ ಪಕ್ಕದ ಮೆರಿಡನ್ ಹಳ್ಳಿಯಲ್ಲಿ ಮತ್ತೆ ಕಟ್ಟಿದರು. 1937ರಲ್ಲಿ ಎಡ್ವರ್ಡ್ ಟರ್ನರ್ ಮಾಡಿದ ಸ್ಪೀಡ್ ಟ್ವಿನ್ ಬಂದ ಮೇಲಂತೂ ಮೂವತ್ತು ವರ್ಷ ಎಲ್ಲರೂ ಅದೇ ಅಚ್ಚಿನಲ್ಲಿ ಎರಡು ಸಿಲಿಂಡರಿನ ಎಂಜಿನ್ ಎರಕ ಹೊಯ್ದರು.

ಯುದ್ಧ ಮುಗಿದ ಮೇಲೆ ಬ್ರಿಟನ್ನಿಗೆ ಡಾಲರ್ ಬೇಕಿತ್ತು, ಅಮೆರಿಕದ ಹುಡುಗರಿಗೆ ಗಾಡಿ ಬೇಕಿತ್ತು. 1953ರ 'ದಿ ವೈಲ್ಡ್ ಒನ್' ಸಿನಿಮಾದಲ್ಲಿ ಮಾರ್ಲನ್ ಬ್ರಾಂಡೊ ಚರ್ಮದ ಜಾಕೆಟ್ ತೊಟ್ಟು ಟ್ರಯಂಫ್ ಥಂಡರ್‌ಬರ್ಡ್ ಏರಿ ಕೂತ. ಕಾಸು ಕೊಟ್ಟರೂ ಸಿಗದ ಜಾಹೀರಾತು. ಆದರೆ ಪುಂಡರನ್ನು ಹುರಿದುಂಬಿಸುತ್ತದೆ ಅಂತ ಬ್ರಿಟನ್ನಿನ ಸೆನ್ಸಾರ್ ಆ ಸಿನಿಮಾವನ್ನು 1967ರ ತನಕ ತಡೆಹಿಡಿದಿತ್ತು. ಗಾಡಿ ಮಾಡಿದ ಊರಿನವರಿಗೇ ಅದರ ಮೆರವಣಿಗೆ ನೋಡುವ ಯೋಗ ಇಲ್ಲ! ಅಲ್ಲಿನ ಪುಂಡರು ಸಿನಿಮಾಕ್ಕೆ ಕಾಯಲಿಲ್ಲ ಅನ್ನಿ. ಲಂಡನ್ನಿನ ಏಸ್ ಕೆಫೆಯ ಮುಂದೆ ಗುಂಪು ಕೂಡಿದರು. ನಾರ್ಟನ್ ಚೌಕಟ್ಟು ಗಟ್ಟಿ, ಟ್ರಯಂಫ್ ಎಂಜಿನ್ ಚುರುಕು ಅಂತ ಎರಡನ್ನೂ ಕೂಡಿಸಿ 'ಟ್ರೈಟನ್' ಮಾಡಿದರು. ಮಾಲೀಕರು ಮಾಡದ ಬೀಗತನವನ್ನು ಹುಡುಗರು ಮಾಡಿ ಮುಗಿಸಿದ್ದರು.

"ಹಾಗಾದರೆ ಮುಳುಗಿದ್ದು ಯಾಕೆ?" ಅಂದರೆ ರಾಯರದು ಒಂದೇ ಮಾತು: "ಜಪಾನಿನವರು."

ಇಲ್ಲಿ ನನ್ನ ತಕರಾರು. ಜಪಾನಿನವರು ಬಾಗಿಲು ಒಡೆದು ಬಂದವರಲ್ಲ, ಬ್ರಿಟಿಷರೇ ಒಂದೊಂದೇ ಕೋಣೆ ಖಾಲಿ ಮಾಡಿಕೊಟ್ಟರು. ಸೋತ ಜರ್ಮನಿಯಿಂದ ಪರಿಹಾರವೆಂದು ಡಿಕೆಡಬ್ಲ್ಯೂ ಕಂಪನಿಯ 125 ಸಿಸಿ ಗಾಡಿಯ ನಕ್ಷೆ ಬಿಎಸ್ಎ ಕೈಸೇರಿತ್ತು. 1948ರಲ್ಲಿ ಅದನ್ನೇ ಬ್ಯಾಂಟಮ್ ಅಂತ ಹೊರತಂದರು. ಬ್ರಿಟಿಷರಿಗೆ ಗೇರ್ ಬಲಗಾಲಿಗೇ ಬೇಕಲ್ಲ, ಅದಕ್ಕೆ ಇಡೀ ಎಂಜಿನ್ನನ್ನು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುವಿ ಎರಕ ಹೊಯ್ದರು! ಆದರೂ ಚೊಕ್ಕ ಗಾಡಿ, ಟಪಾಲಿನವರೂ ಓಡಿಸಿದರು. ಅಂಥದ್ದನ್ನು ವರ್ಷ ವರ್ಷ ತಿದ್ದಿ ಬೆಳೆಸುವುದು ಬಿಟ್ಟು, ಚಿಕ್ಕ ಗಾಡಿಯಲ್ಲಿ ಲಾಭ ಕಮ್ಮಿ ಅಂತ ಮುಖ ತಿರುಗಿಸಿದರು. ಅತ್ತ ಹೋಂಡಾ 1958ರಲ್ಲಿ ಸೂಪರ್ ಕಬ್ ಮಾಡಿತು. 1959ರಲ್ಲಿ ಐಲ್ ಆಫ್ ಮ್ಯಾನ್ ರೇಸಿಗೆ ಬಂದು, 1961ಕ್ಕೆ ಮೈಕ್ ಹೇಲ್‌ವುಡ್‌ನನ್ನು ಕೂರಿಸಿ ಎರಡು ತರಗತಿಗಳಲ್ಲಿ ಗೆದ್ದೇಬಿಟ್ಟಿತು. ಆಗಲೂ ಇವರ ಧೋರಣೆ ಏನು? ಬಾಲವಾಡಿ ಅವರೇ ನಡೆಸಲಿ, ಮಕ್ಕಳು ಬೆಳೆದ ಮೇಲೆ ಕಾಲೇಜಿಗೆ ನಮ್ಮಲ್ಲಿಗೇ ತಾನೆ ಬರಬೇಕು ಅಂತ. ಮಕ್ಕಳು ಬೆಳೆಯುವ ಹೊತ್ತಿಗೆ ಬಾಲವಾಡಿಯವರೇ ಕಾಲೇಜನ್ನೂ ಕಟ್ಟಿದ್ದರು.

ಇನ್ನು ಸೋರುವ ವಿಷಯ. ಒಂದು ದಿನ ರಾಯರು ಎಂಜಿನ್ ಬಿಚ್ಚಿ ಹರಡಿದ್ದಾಗ ಕೂತು ನೋಡಿದೆ. ಅದರ ಕ್ರ್ಯಾಂಕ್‌ಕೇಸ್ ಎರಡು ಹೋಳು, ಎಡ ಒಂದು ಬಲ ಒಂದು. ಕರ್ಜಿಕಾಯಿಯ ಅಂಚು ಕೂಡಿಸಿದ ಹಾಗೆ ಮಧ್ಯೆ ಒಂದು ಜೋಡಣೆ, ನೆತ್ತಿಯಿಂದ ಹೊಟ್ಟೆಯಡಿಗೂ ಸುತ್ತಿ ಬರುತ್ತದೆ. ಗಾಡಿ ನಿಂತಾಗ ಟ್ಯಾಂಕಿನ ಎಣ್ಣೆ ಮೆಲ್ಲಗೆ ಇಳಿದು ಸೇರುವುದೂ ಆ ಹೊಟ್ಟೆಯಡಿಗೇ. ಅಂಚು ಚೂರು ಸಡಿಲವಾದರೆ ಹೂರಣ ಹೊರಗೆ! ಹೋಂಡಾದವರು ಜೋಡಣೆಯನ್ನು ಅಡ್ಡಕ್ಕೆ ಮಾಡಿದರು. ಸ್ಟೀಲ್ ಡಬ್ಬಿಯ ಹಾಗೆ ಎಣ್ಣೆ ತಳದಲ್ಲಿ, ಕೂಡುವ ಅಂಚು ಮೇಲೆ. ಅದೇನು ಬ್ರಹ್ಮವಿದ್ಯೆಯಲ್ಲ. ಆದರೆ ಬ್ರಿಟಿಷರ ಯಂತ್ರಗಳು ಹಳೆಯವು, ಅಚ್ಚು ಹಳೆಯದು, ಬದಲಿಸಲು ದುಡ್ಡು ಬಿಚ್ಚಬೇಕು. ಸವಾರ ಹೇಗೂ ತಟ್ಟೆ ಇಡುತ್ತಾನಲ್ಲ!

ಎಂಜಿನಿಯರುಗಳು ದಡ್ಡರಾಗಿರಲಿಲ್ಲ. ಬರ್ಟ್ ಹಾಪ್‌ವುಡ್, ಡಗ್ ಹೀಲ್ ಇಬ್ಬರೂ ಸೇರಿ ಮೂರು ಸಿಲಿಂಡರಿನ ಗಾಡಿ ಕಟ್ಟಿ 1965ರಲ್ಲೇ ಓಡಿಸಿ ನೋಡಿದ್ದರು. ಅದು ಅಂಗಡಿಗೆ ಬಂದದ್ದು 1968ರಲ್ಲಿ. ಅದೂ ಹೇಗೆ? ಟ್ರಯಂಫಿಗೆ ಟ್ರೈಡೆಂಟ್, ಬಿಎಸ್ಎಗೆ ರಾಕೆಟ್ ತ್ರೀ. ಗಾಡಿ ಹೆಚ್ಚುಕಮ್ಮಿ ಅದೇ. ಒಂದರ ಸಿಲಿಂಡರ್ ನೆಟ್ಟಗೆ, ಇನ್ನೊಂದರದು ಮುಂದಕ್ಕೆ ಬಾಗಿದ್ದು. ಎರಡೂ ಒಂದೇ ಮನೆಯವು, 1951ರಲ್ಲೇ ಟ್ರಯಂಫನ್ನು ಬಿಎಸ್ಎ ಕೊಂಡಿತ್ತು. ಮರುವರ್ಷವೇ ಹೋಂಡಾದ ಸಿಬಿ 750: ನಾಲ್ಕು ಸಿಲಿಂಡರ್, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್, ಐದು ಗೇರ್, ಬೆರಳಿನಲ್ಲಿ ಒತ್ತಿದರೆ ಸ್ಟಾರ್ಟ್. ಟ್ರೈಡೆಂಟಿನವನು ಇನ್ನೂ ಕಿಕ್ ಹೊಡೆಯುತ್ತಿದ್ದ. 1981ರಲ್ಲಿ ಹಾಪ್‌ವುಡ್ ಒಂದು ಪುಸ್ತಕ ಬರೆದರು. ಬ್ರಿಟಿಷ್ ಮೋಟರ್‌ಸೈಕಲ್ ಉದ್ಯಮಕ್ಕೆ ಏನಾಯಿತು ಎಂಬ ಪ್ರಶ್ನೆಯೇ ಅದರ ಹೆಸರು.

1973ರಲ್ಲಿ ಬಿಎಸ್ಎ ಕುಸಿದು ಎಲ್ಲ ನಾರ್ಟನ್ ಜೊತೆ ಒಂದಾದಾಗ, ಮೆರಿಡನ್ ಮುಚ್ಚುತ್ತೇವೆ ಅಂದರು. ಕೆಲಸಗಾರರು ಗೇಟಿಗೆ ಬೀಗ ಜಡಿದು ಕೂತರು. ಮಂತ್ರಿ ಟೋನಿ ಬೆನ್ ಸರ್ಕಾರದ ಸಾಲ ಕೊಡಿಸಿ, 1975ರಲ್ಲಿ ಅದನ್ನೇ ಸಹಕಾರ ಸಂಘ ಮಾಡಿದರು. ಮೊದಮೊದಲು ಎಲ್ಲರಿಗೂ ಒಂದೇ ಸಂಬಳ. ಅದೇ ಹಳೇ ಬಾನೆವಿಲ್ ಮಾಡುತ್ತ ಮಾಡುತ್ತ 1983ರ ತನಕ ಎಳೆದರು. ಈ ಭಾಗ ಬಂದಾಗ ರಾಯರು ಲೋಟ ಕೆಳಗಿಡುತ್ತಾರೆ, ನಾನೂ ಹಲ್ಲು ಕಿರಿಯುವುದಿಲ್ಲ. ಯೆಜ್ಡಿ ಮಾಡುತ್ತಿದ್ದ ನಮ್ಮೂರಿನ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ್ದನ್ನು ಕಂಡವನು ನಾನು.

ಹೆಸರುಗಳು ಮಾತ್ರ ಸಾಯಲಿಲ್ಲ. ಟ್ರಯಂಫ್ ಹೆಸರನ್ನು ಜಾನ್ ಬ್ಲೂರ್ ಎಂಬ ಬಿಲ್ಡರ್ ಕೊಂಡು ಹಿಂಕ್ಲಿಯಲ್ಲಿ ಹೊಸದಾಗಿ ಶುರುಮಾಡಿದರು. ರಾಯಲ್ ಎನ್‌ಫೀಲ್ಡ್‌ನ ಬುಲೆಟ್ 1955ರಲ್ಲೇ ಮದ್ರಾಸಿಗೆ ಬಂದಿತ್ತು. ರೆಡಿಚ್‌ನಲ್ಲಿ ಒಲೆ ಆರಿದ ಮೇಲೂ ಇಲ್ಲಿ ಉರಿಯಿತು, 1977ರಿಂದ ಇಲ್ಲಿಂದ ಬ್ರಿಟನ್ನಿಗೇ ಹಡಗು ಹತ್ತಿತು. 2020ರಲ್ಲಿ ಹೊಸೂರಿನ ಟಿವಿಎಸ್‌ನವರು 1.6 ಕೋಟಿ ಪೌಂಡಿಗೆ ನಾರ್ಟನ್ ಕೊಂಡರು. ಬಿಎಸ್ಎ ಹೆಸರು ಈಗ ಯೆಜ್ಡಿ ಹೆಸರು ಇರುವ ಮನೆಯಲ್ಲೇ ಇದೆ. "ಕಡೆಗೂ ನಾವು ನೆಂಟರಾದೆವು ರಾಯರೇ" ಅಂದಿದ್ದಕ್ಕೆ ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು.

ಹೋದ ಭಾನುವಾರ ರಾಯರ ಅಕ್ಕನ ಮಗ ಹೊಸ ಗಾಡಿ ತೋರಿಸಲು ಬಂದ. ಟ್ಯಾಂಕಿನ ಮೇಲೆ ಟ್ರಯಂಫ್ ಅಂತಿದೆ, ತಯಾರಾದದ್ದು ಪುಣೆ ಹತ್ತಿರದ ಚಾಕಣದಲ್ಲಿ, ಬಜಾಜ್ ಕಾರ್ಖಾನೆಯಲ್ಲಿ. ರಾಯರು ಒಂದು ಸುತ್ತು ಹೊಡೆದು ಬಂದು ನಿಲ್ಲಿಸಿದರು. ಅಭ್ಯಾಸಬಲ, ತಮ್ಮ ಗಾಡಿಯ ಅಡಿಯಿಂದ ತಟ್ಟೆ ಎಳೆದು ಇದರಡಿಗೆ ತಳ್ಳಿದರು. ಕಾಫಿ ಬಂತು, ಕುಡಿದಾಯಿತು, ಮೂವರೂ ಹರಟಿದೆವು. ಅರ್ಧ ಗಂಟೆ ಬಿಟ್ಟು ರಾಯರು ಮಂಡಿಯೂರಿ ಬಗ್ಗಿ ಟಾರ್ಚ್ ಬಿಟ್ಟು ಎಂಜಿನ್ನಿನ ಹೊಟ್ಟೆ ನೋಡಿದರು. ಬೆರಳಾಡಿಸಿದರು. ಬೆರಳಿಗೆ ಬರೀ ಧೂಳು.

"ಏನೋ ಇದು," ಅಂದರು ಹುಡುಗನ ಕಡೆ ತಿರುಗಿ, "ಒಳಗೆ ಎಣ್ಣೆ ಹಾಕಿಸಿದ್ದೀಯೋ ಇಲ್ಲವೋ?"