ಕಾಂಪ್ಯಾಕ್ಟ್ ಎಸ್‌ಯುವಿ ಮೀಮಾಂಸೆ, ಅಥವಾ ಹಾಸನ ಸೀಮೆಯ ಶಕಟಕ್ರಯಶಾಸ್ತ್ರ

ಉಪೋದ್ಘಾತ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ನಿರೂಪಿಸಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ಅದನ್ನು ಮೀರುವ ಧೈರ್ಯ ನಮಗಿಲ್ಲ. ಪ್ರಕೃತ ಗ್ರಂಥದ ವಿಷಯವು, ಆರೇಳು ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿ ಹೊಸದಾಗಿ ಮಾರುಕಟ್ಟೆಗೆ ಇಳಿಯುವ, ಕಾರಿಗಿಂತ ಉನ್ನತವೂ ಜೀಪಿಗಿಂತ ವಿನೀತವೂ ಆದ ಕಾಂಪ್ಯಾಕ್ಟ್ ಎಸ್‌ಯುವಿ ಎಂಬ ವಾಹನವಿಶೇಷ. ಪ್ರಯೋಜನವು, ಅದನ್ನು ಕೊಳ್ಳಬೇಕೋ ಬಿಡಬೇಕೋ ಎಂಬ ಸಂಶಯದ ನಿವೃತ್ತಿ. ಸಂಬಂಧವು, ಕೊಳ್ಳುವವನಿಗೂ ಸಾಲ ಕೊಡುವ ಬ್ಯಾಂಕಿಗೂ ಕಂತುಗಳು ತೀರುವ ಪರ್ಯಂತ ಏರ್ಪಡುವ ಅವಿನಾಭಾವ. ಅಧಿಕಾರಿಯಾದರೋ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ನಾಲ್ಕು ಪಟ್ಟಣಗಳ ನಡುವೆ ಎಲ್ಲಿಯೋ ವಾಸಿಸುತ್ತ, ಒಂದು ಬೈಕಿನ ಮೇಲೆ ಇನ್ನು ಹಿಡಿಸಲಾಗದಷ್ಟು ಬೆಳೆದ ಸಂಸಾರವನ್ನು ಹೊಂದಿ, “ಈ ಸಲ ಆಯುಧಪೂಜೆಗೆ ತಗೊಂಡೇಬಿಡೋಣ” ಎಂಬ ಸಂಕಲ್ಪವಾಕ್ಯವನ್ನು ನಾಲ್ವರ ಎದುರಿನಲ್ಲಿ ಒಮ್ಮೆಯಾದರೂ ಉಚ್ಚರಿಸಿದವನು. ಉಚ್ಚರಿಸಿದ ಆ ಕ್ಷಣದಲ್ಲಿಯೇ ಅವನ ಸ್ವಾತಂತ್ರ್ಯವು ಮುಗಿದು ಊರಿನ ಪಾಂಡಿತ್ಯವು ಆರಂಭವಾಗುವುದರಿಂದ, ಅಂತಹವನ ರಕ್ಷಣಾರ್ಥವಾಗಿ ಈ ಶಾಸ್ತ್ರವು ಪ್ರವೃತ್ತವಾಗಿದೆ.

ಲಕ್ಷಣಪ್ರಕರಣ

ವಸ್ತುವನ್ನು ಪರೀಕ್ಷಿಸುವ ಮೊದಲು ಅದರ ಲಕ್ಷಣವನ್ನು ಹೇಳಬೇಕು. ಆ ಲಕ್ಷಣವು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಿಗೂ ದೂರವಾಗಿರಬೇಕೆಂಬುದು ನೈಯಾಯಿಕರ ಆಗ್ರಹ. ನಮ್ಮ ಪುಣ್ಯಕ್ಕೆ ಈ ಶ್ರಮವನ್ನು 2023ರ ಜುಲೈ ತಿಂಗಳಲ್ಲಿ ಜಿಎಸ್‌ಟಿ ಮಂಡಳಿಯೇ ವಹಿಸಿಕೊಂಡು, ಯಾವ ಹೆಸರಿನಿಂದ ಕರೆದರೂ ಸರಿಯೇ, ಉದ್ದವು 4000 ಮಿಲಿಮೀಟರನ್ನೂ ಎಂಜಿನ್ನು 1500 ಸಿಸಿಯನ್ನೂ ಮೀರಿ, ಭಾರ ಹೊರದಿರುವಾಗ ಹೊಟ್ಟೆಯು ನೆಲದಿಂದ 170 ಮಿಲಿಮೀಟರಿಗೆ ಕಡಿಮೆಯಿಲ್ಲದ ಎತ್ತರದಲ್ಲಿ ನಿಲ್ಲುವ ವಾಹನವೇ ಹೆಚ್ಚಿನ ಸೆಸ್ಸಿಗೆ ಪಾತ್ರವಾದ ಯುಟಿಲಿಟಿ ವಾಹನವೆಂದು ತ್ರಿಲಕ್ಷಣವನ್ನು ಅನುಗ್ರಹಿಸಿತು. ಈ ಒರೆಗಲ್ಲಿಗೆ, ನಿದರ್ಶನಕ್ಕಾಗಿ, 2021ರ ಅಕ್ಟೋಬರಿನಲ್ಲಿ ಅವತರಿಸಿದ ಟಾಟಾ ಪಂಚ್ ಎಂಬುದನ್ನು ಹಚ್ಚಿ ನೋಡೋಣ. ಉದ್ದ 3827 ಮಿಲಿಮೀಟರ್, ಎಂಜಿನ್ 1199 ಸಿಸಿ, ನೆಲದಿಂದ ಎತ್ತರ 187 ಮಿಲಿಮೀಟರ್. ಮೂರು ಲಕ್ಷಣಗಳಲ್ಲಿ ಎರಡು ಇಲ್ಲ. ಮೂರನೆಯದು ಯಥೇಷ್ಟವಾಗಿ ಉಂಟು. ಜಾಹೀರಾತಿನಲ್ಲಿ ಪರ್ವತವನ್ನೇರಿ ನದಿಯನ್ನು ಹಾಯುವ ಈ ಜಾತಿಯ ವಾಹನಗಳೆಲ್ಲವೂ ತೆರಿಗೆಯ ಕಚೇರಿಯ ಹೊಸ್ತಿಲಲ್ಲಿ ದೇಹವನ್ನು ಸಂಕೋಚಿಸಿಕೊಂಡು “ನಾನು ಸಣ್ಣ ಕಾರು” ಎಂದು ಕೈಮುಗಿಯುವುವೆಂಬುದೂ, ಹಾಗೆ ಕೈಮುಗಿಯುವುದರಲ್ಲಿಯೇ ಅವುಗಳ ಅಗ್ಗದ ರಹಸ್ಯವು ಅಡಗಿದೆಯೆಂಬುದೂ ಇದರಿಂದ ಸಿದ್ಧವಾಯಿತು.

ಈ ಸಂಕೋಚಕ್ಕೆ ಒಂದು ಇತಿಹಾಸವುಂಟು. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವು ಶೇಕಡಾ 24ರಿಂದ 16ಕ್ಕೆ ಇಳಿದು, ನಾಲ್ಕು ಮೀಟರಿನೊಳಗೆ ಇರುವುದೇ ಸಣ್ಣತನವೆಂದು ವಿಧಿಸಲ್ಪಟ್ಟ ಬಳಿಕ, ಭರತಖಂಡದ ವಾಹನಶಿಲ್ಪಿಗಳು ಉದ್ದದ ವಿಷಯದಲ್ಲಿ ಯೋಗಿಗಳ ಸಂಯಮವನ್ನು ಅಭ್ಯಸಿಸಿದರು. 2013ರ ಫೋರ್ಡ್ ಈಕೋಸ್ಪೋರ್ಟ್ 3999 ಮಿಲಿಮೀಟರಿಗೆ ನಿಂತಿತು. 2016ರ ಮಾರುತಿ ವಿಟಾರಾ ಬ್ರೆಜಾ 3995ಕ್ಕೆ. 2020ರ ಡಿಸೆಂಬರಿನ ನಿಸಾನ್ ಮ್ಯಾಗ್ನೈಟ್ 3994ಕ್ಕೆ. 2021ರ ರೆನೋ ಕೈಗರ್ 3991ಕ್ಕೆ. ಬೇರೆಬೇರೆ ದೇಶಗಳಲ್ಲಿ ಹುಟ್ಟಿ, ಒಬ್ಬರನ್ನೊಬ್ಬರು ಮಾರುಕಟ್ಟೆಯಿಂದ ಓಡಿಸಲು ಹವಣಿಸುವ ಸಂಸ್ಥೆಗಳು ಉದ್ದವೊಂದರಲ್ಲಿ ಮಾತ್ರ ಇಷ್ಟೊಂದು ಐಕಮತ್ಯವನ್ನು ತೋರಿರುವುದು ಅದ್ವೈತಿಗಳಿಗೆ ಸಂತೋಷವನ್ನುಂಟುಮಾಡಬೇಕು. 2025ರ ಸೆಪ್ಟೆಂಬರ್ 22ರಿಂದಲಂತೂ, ನಾಲ್ಕು ಮೀಟರಿನೊಳಗೆ 1200 ಸಿಸಿ ಮೀರದ ಪೆಟ್ರೋಲ್ ಎಂಜಿನ್ನನ್ನೋ 1500 ಸಿಸಿ ಮೀರದ ಡೀಸೆಲ್ ಎಂಜಿನ್ನನ್ನೋ ಇಟ್ಟುಕೊಂಡವಕ್ಕೆ ಶೇಕಡಾ 18ರ ತೆರಿಗೆಯೂ, ಗಡಿ ದಾಟಿದವಕ್ಕೆ ಶೇಕಡಾ 40ರ ತೆರಿಗೆಯೂ ವಿಹಿತವಾಗಿರುವುದರಿಂದ, ನಾಲ್ಕು ಮೀಟರಿನಾಚೆಯ ಮೊದಲನೆಯ ಮಿಲಿಮೀಟರಿನಷ್ಟು ದುಬಾರಿಯಾದ ಲೋಹವು ಹಾಸನದ ಯಾವ ಚಿನ್ನಬೆಳ್ಳಿಯ ಅಂಗಡಿಯಲ್ಲಿಯೂ ದೊರೆಯದು.

ಉದ್ದವನ್ನು ಅರಸನು ನಿಯಮಿಸಿದರೆ ಎತ್ತರವನ್ನು ನಿಯಮಿಸಿದ್ದು ರಸ್ತೆ. ಎತ್ತರದ ಮಹಿಮೆಯು ಈ ಜಿಲ್ಲೆಗೆ ಹೊಸತಲ್ಲ. 981ರಲ್ಲಿ ಐವತ್ತೆಂಟು ಅಡಿಗಳ ಗೊಮ್ಮಟನನ್ನು ವಿಂಧ್ಯಗಿರಿಯ ನೆತ್ತಿಯ ಮೇಲೆ ನಿಲ್ಲಿಸಿದ್ದೂ, 1246ರಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹನ ಗುಡಿಯನ್ನು ನೆಲಕ್ಕೆ ತಾಗಿಸದೆ ಜಗತಿಯ ಮೇಲೆ ಎತ್ತಿ ಕಟ್ಟಿದ್ದೂ ಈ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ. ಹೊಯ್ಸಳ ಶಿಲ್ಪಿಗಳು ಗ್ರೌಂಡ್ ಕ್ಲಿಯರೆನ್ಸಿನ ತತ್ತ್ವವನ್ನು ಬಲ್ಲವರಾಗಿದ್ದರೆಂದು ನಾವು ಸಾಧಿಸಹೊರಟರೆ ಪ್ರಾಚ್ಯವಸ್ತು ಸಂಶೋಧಕರು ಹುಬ್ಬುಗಂಟಿಕ್ಕಬಹುದಾದರೂ, ಅವರೆಲ್ಲರೂ ಒಮ್ಮೆ ಸಣ್ಣ ಕಾರಿನಲ್ಲಿ ಐವರು ಕುಳಿತು ಹಳ್ಳಿಯ ಹಂಪೊಂದನ್ನು ದಾಟಿ ಬಂದ ಮೇಲೆ ಈ ಚರ್ಚೆಯನ್ನು ಮುಂದುವರಿಸಲು ನಾವು ಸಿದ್ಧ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಹಂಪು ಹತ್ತು ಸೆಂಟಿಮೀಟರ್ ಎತ್ತರವಿದ್ದು, 3.7 ಮೀಟರ್ ಅಗಲಕ್ಕೆ ಮೃದುವಾಗಿ ಹರಡಿಕೊಂಡಿರತಕ್ಕದ್ದು. ಅದು ಶ್ರುತಿ. ಮನೆಯ ಮುಂದೆ ಬಸ್ಸುಗಳು ವೇಗವಾಗಿ ಹೋಗುವುದನ್ನು ಕಂಡು ಮುನಿದ ಗ್ರಾಮಸ್ಥರು, ಉಳಿದ ಜಲ್ಲಿಯಿಂದ ರಾತ್ರೋರಾತ್ರಿ ನಿರ್ಮಿಸಿದ್ದು ಸ್ಮೃತಿ. ಶ್ರುತಿಸ್ಮೃತಿಗಳಿಗೆ ವಿರೋಧ ಬಂದಾಗ ಶ್ರುತಿಯೇ ಬಲವತ್ತರವೆಂಬ ನ್ಯಾಯವು ಕಾರಿನ ಹೊಟ್ಟೆಯ ವಿಷಯದಲ್ಲಿ ಅನ್ವಯಿಸುವುದಿಲ್ಲ.

ಪ್ರಮಾಣಪ್ರಕರಣ

ಪ್ರಮಾಣಗಳು ಆರು. ಅವುಗಳಲ್ಲಿ ನಮ್ಮ ಸೀಮೆಯಲ್ಲಿ ಅಗ್ರಸ್ಥಾನವು ಶಬ್ದಪ್ರಮಾಣಕ್ಕೆ, ಅರ್ಥಾತ್ ಆಪ್ತವಾಕ್ಯಕ್ಕೆ, ಸಲ್ಲುವುದು. ಆಪ್ತರು ಮೂರು ಬಗೆ: ತಾನು ಕಾರು ಕೊಂಡಿರುವವನು, ಕಾರು ರಿಪೇರಿ ಮಾಡುವವನು, ಮತ್ತು ಬಾವಮೈದುನ. ಮೊದಲನೆಯವನು ತನ್ನ ಕಾರನ್ನೇ ಕೊಳ್ಳಬೇಕೆನ್ನುವನು. ಎರಡನೆಯವನು ತನಗೆ ಬಿಚ್ಚಲು ಬರುವ ಕಾರನ್ನೇ ಕೊಳ್ಳಬೇಕೆನ್ನುವನು. ಮೂರನೆಯವನು ಯಾವುದನ್ನು ಹೇಳಿದರೂ “ಅದೊಂದನ್ನು ಮಾತ್ರ ತಗೋಬೇಡಿ ಬಾವ” ಎನ್ನುವನು. ಈ ಮೂರೂ ವಾಕ್ಯಗಳು ಪರಸ್ಪರವಿರುದ್ಧವಾಗಿದ್ದರೂ ಏಕಕಾಲದಲ್ಲಿ ಸತ್ಯವೆಂದು ಅಂಗೀಕರಿಸುವುದು ಕುಟುಂಬದ ಶಾಂತಿಗೆ ಆವಶ್ಯಕ.

ಎರಡನೆಯದು ಅನುಮಾನ. “ಎಷ್ಟು ಕೊಡುತ್ತೆ?” ಎಂಬ ಪ್ರಶ್ನೆಯು ಹಸುವಿನ ವ್ಯಾಪಾರದಿಂದ ಕಾರಿನ ವ್ಯಾಪಾರಕ್ಕೆ ಅಕ್ಷರವೊಂದನ್ನೂ ಕಳೆದುಕೊಳ್ಳದೆ ಸಂಕ್ರಮಿಸಿ ಬಂದಿದೆ. ಪಂಚ್ ಮೊದಲು ಬಂದಾಗ ಪ್ರಮಾಣೀಕೃತವಾಗಿದ್ದ ಮೈಲೇಜು ಲೀಟರಿಗೆ 18.97 ಕಿಲೋಮೀಟರ್. ಈ ಸಂಖ್ಯೆಯು ರಸ್ತೆಯಲ್ಲಿ ದೊರೆತದ್ದಲ್ಲ. ಪ್ರಯೋಗಶಾಲೆಯೊಳಗೆ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಯತವಾದ ವೇಗಗಳಲ್ಲಿ ತಿರುಗಿಸಿ ಪಡೆದದ್ದು. ಅಂದರೆ ಆ ಕಾರು ಕುಳಿತಲ್ಲಿಂದ ಏಳದೆ ಹತ್ತೊಂಬತ್ತು ಕಿಲೋಮೀಟರ್ ಪ್ರಯಾಣ ಮಾಡಿದೆ. ಏಸಿಯನ್ನು ಹಾಕಿಕೊಂಡು, ಗೊರೂರಿನ ಕಡೆಯ ತಿರುವುಗಳಲ್ಲಿ ಮೂರನೆಯ ಗೇರಿಗೂ ಎರಡನೆಯದಕ್ಕೂ ನಡುವೆ ತೊಳಲುವ ಗೃಹಸ್ಥನು ಈ ಸಮಾಧಿಸ್ಥಿತಿಯ ಫಲವನ್ನು ತನಗೂ ಅನುಮಾನಿಸಿಕೊಂಡರೆ, ಹೊಗೆಯಿಲ್ಲದೆ ಬೆಂಕಿಯನ್ನು ಊಹಿಸಿದಂತೆ ಆಗುವುದು.

ಉಪಮಾನವು ನೆರೆಮನೆಯ ಕಾರಾದುದರಿಂದ ಅದನ್ನು ವಿಸ್ತರಿಸುವುದು ಕ್ಷೇಮವಲ್ಲ. ನಾಲ್ಕನೆಯದಾದ ಅರ್ಥಾಪತ್ತಿಯಾದರೋ ಅತ್ಯಂತ ಗಂಭೀರವಾದುದು. ದಪ್ಪಗಿರುವ ದೇವದತ್ತನು ಹಗಲಿನಲ್ಲಿ ಉಣ್ಣುವುದಿಲ್ಲವೆಂದಾದರೆ ರಾತ್ರಿ ಉಣ್ಣುತ್ತಾನೆಂದು ಕಲ್ಪಿಸಬೇಕೆಂಬುದು ಮೀಮಾಂಸಕರು ಕೊಡುವ ಚಿರಪರಿಚಿತ ನಿದರ್ಶನ. ಮ್ಯಾಗ್ನೈಟ್ 4.99 ಲಕ್ಷಕ್ಕೂ, ಪಂಚ್ 5.49 ಲಕ್ಷಕ್ಕೂ, 2023ರ ಜುಲೈನಲ್ಲಿ ಬಂದ ಹ್ಯುಂಡೈ ಎಕ್ಸ್‌ಟರ್ 5.99 ಲಕ್ಷಕ್ಕೂ ಆರಂಭವಾದವು. ಇವೆಲ್ಲವೂ ಹಗಲಿನ ಊಟ. ಬೆಲೆಯು ರಾತ್ರಿಯಲ್ಲಿ ಉಣ್ಣುವುದನ್ನು ನೋಡಬೇಕಾದರೆ ಆನ್‌ರೋಡ್ ಎಂಬ ಕಾಗದವನ್ನು ಕೇಳಿ ಪಡೆಯಬೇಕು. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದೊಳಗಿನ ಪೆಟ್ರೋಲ್ ಕಾರಿಗೆ ಜೀವಿತಾವಧಿ ತೆರಿಗೆ ಶೇಕಡಾ 14. ಆ ತೆರಿಗೆಯ ಮೇಲೆ ಶೇಕಡಾ 11ರಷ್ಟು ಉಪಕರ. ಆರು ಲಕ್ಷದ ಕಾರಿಗೆ 84,000 ರೂಪಾಯಿ ತೆರಿಗೆ, 9,240 ರೂಪಾಯಿ ಉಪಕರ, ಒಟ್ಟು 93,240. ಇದರ ಮೇಲೆ, 2018ರ ಸೆಪ್ಟೆಂಬರಿನಿಂದ ಹೊಸ ಕಾರುಗಳಿಗೆ ಮೂರು ವರ್ಷಕ್ಕೆ ಒಟ್ಟಿಗೇ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆ, ಸ್ವಂತ ಹಾನಿಯ ವಿಮೆ, ನೋಂದಣಿ, ಫಾಸ್ಟ್ಯಾಗ್. ಮತ್ತು ಯಾರೂ ಬೇಡವೆನ್ನಲಾರದ ಸೀಟ್ ಕವರು, ಮ್ಯಾಟು, ಮಡ್‌ಫ್ಲ್ಯಾಪು. ಕೆಎ 13 ಎಂಬ ಅಂಕಿತವು ಹಣೆಗೆ ಬೀಳುವ ವೇಳೆಗೆ ದೇವದತ್ತನ ಉದರವು ಯಾರ ಕಣ್ಣಿಗೂ ಮರೆಯಾಗದು.

ಐದನೆಯದು ಅನುಪಲಬ್ಧಿ, ಅಂದರೆ ಇಲ್ಲದಿರುವಿಕೆಯಿಂದ ಹುಟ್ಟುವ ಜ್ಞಾನ. ಪತ್ರಿಕೆಯಲ್ಲಿ ಕಂಡ ಬೆಲೆಯು ಆರಂಭದ ಮಾಡೆಲ್ಲಿನದು. ಚಿತ್ರದಲ್ಲಿ ಕಂಡ ಕಾರು ಟಾಪ್ ಎಂಡಿನದು. ಎರಡನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದುದನ್ನು ಬರೆದುಕೊಳ್ಳುತ್ತ ಹೋದರೆ ಅಲಾಯ್ ಚಕ್ರ, ಹಿಂದಿನ ವೈಪರು, ಪರದೆ, ಕ್ಯಾಮರಾ ಎಂದು ಅಭಾವಗಳ ದೊಡ್ಡದೊಂದು ಸಂಗ್ರಹವೇ ಕೈಸೇರುವುದು. ಈ ಶೂನ್ಯವಾದದ ನಡುವೆಯೂ ಎಕ್ಸ್‌ಟರಿನವರು ಆರು ಏರ್‌ಬ್ಯಾಗುಗಳನ್ನು ಎಲ್ಲ ಮಾಡೆಲ್ಲುಗಳಿಗೂ ಕೊಟ್ಟದ್ದೂ, ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಡ್ಡಗಟ್ಟೆಗೆ ಹಾಯ್ದ ಪಂಚ್ ಕಾರು ವಯಸ್ಕರ ರಕ್ಷಣೆಯಲ್ಲಿ ಐದು ನಕ್ಷತ್ರಗಳನ್ನು ಪಡೆದದ್ದೂ ಸ್ತುತ್ಯರ್ಹವಾದ ಭಾವಪದಾರ್ಥಗಳು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ಸ್ವದೇಶೀ ಪರೀಕ್ಷೆಯೂ ಇರುವುದರಿಂದ, ಜಾತಕದಲ್ಲಿ ನಕ್ಷತ್ರ ನೋಡುವ ನಮ್ಮ ಜನರು ಕಾರಿನಲ್ಲಿಯೂ ಅದನ್ನು ನೋಡುವ ಪದ್ಧತಿಯನ್ನಿಟ್ಟುಕೊಂಡರೆ ಶಾಸ್ತ್ರಕ್ಕೆ ಸಮ್ಮತವೇ.

ಆರನೆಯದಾದ ಪ್ರತ್ಯಕ್ಷವೆಂದರೆ ಟೆಸ್ಟ್ ಡ್ರೈವು. ಶೋರೂಮಿನ ಹುಡುಗನು ಪಕ್ಕದಲ್ಲಿ ಕುಳಿತು, ಬಿ.ಎಂ. ರಸ್ತೆಯ ಸಮತಲದಲ್ಲಿ ಎರಡು ಮೂರು ಕಿಲೋಮೀಟರ್ ಓಡಿಸಲು ಅನುಮತಿಯಿತ್ತು, “ಪಿಕಪ್ ನೋಡಿದ್ರಾ ಸಾರ್?” ಎಂದು ಕೇಳುವನು. ಖಾಲಿ ಕಾರಿನಲ್ಲಿ ಇಬ್ಬರು ಕುಳಿತು ಕಂಡ ಪಿಕಪ್ಪು ಐವರಿಗೆ ಅನ್ವಯಿಸುವುದೆಂಬುದು ಭ್ರಮೆಯೋ ಪ್ರಮೆಯೋ ಎಂಬ ವಿಚಾರವನ್ನು ಸಿದ್ಧಾಂತಪ್ರಕರಣಕ್ಕೆ ಕಾದಿರಿಸಿದ್ದೇವೆ.

ಮತಭೇದಪ್ರಕರಣ

ನಮ್ಮ ನಾಲ್ಕು ಪಟ್ಟಣಗಳಲ್ಲಿ ಈ ವಿಷಯವಾಗಿ ನಾಲ್ಕು ಪ್ರಸ್ಥಾನಗಳು ಪ್ರಚಲಿತವಾಗಿವೆ. ಹಾಸನದವರು ಪಾರ್ಕಿಂಗ್‌ವಾದಿಗಳು. ಆಶ್ವಯುಜದಲ್ಲಿ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಲೋಕವೆಲ್ಲ ನಗರಕ್ಕೆ ನುಗ್ಗಿದಾಗ, ಎರಡು ಸ್ಕೂಟರುಗಳ ನಡುವಿನ ಸಂದಿನಲ್ಲಿ ನಿಲ್ಲಬಲ್ಲ ಕಾರೇ ಕಾರು, ಮಿಕ್ಕದ್ದೆಲ್ಲ ಲಾರಿ, ಎಂದು ಇವರ ಮತ. ಹೊಳೆನರಸೀಪುರದವರು, ದೇಶಕ್ಕೆ ಒಬ್ಬ ಪ್ರಧಾನಮಂತ್ರಿಯನ್ನು ಕೊಟ್ಟ ತಾಲ್ಲೂಕಿಗೆ ಸಹಜವಾದ ದೂರದೃಷ್ಟಿಯಿಂದ, ಪ್ರತಿಯೊಂದನ್ನೂ ಅದರ ಅಂತ್ಯದಿಂದ ಹಿಂದಕ್ಕೆ ನೋಡತಕ್ಕವರು. ಕಾರು ಇನ್ನೂ ಶೋರೂಮಿನಿಂದ ಹೊರಬಿದ್ದಿರುವುದಿಲ್ಲ, ಆಗಲೇ ಇವರು “ಮಾರೋವಾಗ ಎಷ್ಟಕ್ಕೆ ಹೋಗುತ್ತೆ?” ಎಂದು ವಿಚಾರಿಸುವರು. ಜನನಕಾಲದಲ್ಲಿಯೇ ಉತ್ತರಕ್ರಿಯೆಯ ವೆಚ್ಚವನ್ನು ಲೆಕ್ಕಹಾಕುವ ಈ ವೈರಾಗ್ಯವು ಪ್ರಶಂಸನೀಯವೇ ಆದರೂ, ಹೊಸತಾಗಿ ಬಂದ ಕಾರಿಗೆ ಹಳೆಯ ಬೆಲೆಯೆಂಬುದೇ ಇಲ್ಲದುದರಿಂದ ಇಲ್ಲಿ ಅವರ ವಾದವು ನಿರಾಶ್ರಯವಾಗುವುದು.

ಅರಕಲಗೂಡಿನವರು ಡಿಕ್ಕಿವಾದಿಗಳು. ಹೊಗೆಸೊಪ್ಪು, ಶುಂಠಿ, ಆಲೂಗೆಡ್ಡೆಗಳ ಸೀಮೆಯವರಾದ ಇವರಿಗೆ, ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿ ಬಂದ ಹಣದಿಂದ ಕೊಂಡ ವಾಹನವು ಹೊಲದ ಬದುವಿಗೂ ಹೋಗದಿದ್ದರೆ ಅದು ವಾಹನವೇ ಅಲ್ಲ. ಪಂಚ್ ಕಾರಿನ ಡಿಕ್ಕಿ 366 ಲೀಟರ್ ಎಂದು ಹೇಳಿದರೆ, ಘನಪದಾರ್ಥವನ್ನು ಲೀಟರಿನಲ್ಲಿ ಅಳೆಯುವ ಈ ವಿಚಿತ್ರ ಮಾನಕ್ಕೆ ನಕ್ಕು, “ಎಷ್ಟು ಮೂಟೆ?” ಎಂದು ಕೇಳುವರು. ಐವತ್ತು ಕಿಲೋ ಆಲೂಗೆಡ್ಡೆಯ ಮೂಟೆಯು ಎಪ್ಪತ್ತೈದು ಲೀಟರಿನಷ್ಟು ಜಾಗ ಹಿಡಿಯುವುದರಿಂದ ಗಣಿತದ ಪ್ರಕಾರ ನಾಲ್ಕು ಮೂಟೆ. ಆದರೆ ಇನ್ನೂರು ಕಿಲೋ ಹಿಂಭಾಗದಲ್ಲಿ ಕುಳಿತ ಮೇಲೆ 187 ಮಿಲಿಮೀಟರ್ ಎಂಬ ಖಾಲಿ ಹೊಟ್ಟೆಯ ಎತ್ತರವು ಎಷ್ಟು ಉಳಿಯುವುದೆಂಬುದನ್ನು ಹಂಪೇ ಹೇಳಬೇಕು.

ಚನ್ನರಾಯಪಟ್ಟಣದವರು ವೇಗವಾದಿಗಳು. ರಾಷ್ಟ್ರೀಯ ಹೆದ್ದಾರಿ 75 ಊರಿನ ಬಾಗಿಲಲ್ಲೇ ಹರಿಯುವುದರಿಂದ, ಬೆಂಗಳೂರಿಗೆ ಹೋಗಿಬರುವ ಲೆಕ್ಕದಲ್ಲಿಯೇ ಇವರ ಚಿಂತನೆ. ತೆಂಗಿನಕಾಯಿಯ ಲಾರಿಯೊಂದನ್ನು ಹಿಂದಿಕ್ಕಬೇಕಾದಾಗ ಒಂದು ಲೀಟರಿನ ಮೂರು ಸಿಲಿಂಡರ್ ಎಂಜಿನ್ನು ನಮ್ಮ ಮಾತನ್ನು ಕೇಳುವುದೋ, ತನ್ನ ಸಲಹೆಯನ್ನೇ ಹೇಳುವುದೋ ಎಂಬುದು ಇವರ ಪ್ರಶ್ನೆ. ಮ್ಯಾಗ್ನೈಟಿನ ಸಾದಾ ಎಂಜಿನ್ನಿನ ಶಕ್ತಿ 72 ಪಿಎಸ್, ಟರ್ಬೋದ ಶಕ್ತಿ 100 ಪಿಎಸ್. ಈ ಇಪ್ಪತ್ತೆಂಟು ಕುದುರೆಗಳಿಗೆ ಹುಲ್ಲು ಹಾಕುವ ಹಣವು ಬಜೆಟ್ ಎಂಬ ವಿಶೇಷಣವನ್ನು ಉಳಿಸುವುದೋ ಅಳಿಸುವುದೋ ಎಂಬುದನ್ನು ಅವರವರ ಕಂತಿನ ಪುಸ್ತಕವೇ ನಿರ್ಣಯಿಸತಕ್ಕದ್ದು.

ಸಿದ್ಧಾಂತ

ಈ ನಾಲ್ಕು ಮತಗಳಲ್ಲಿಯೂ ಒಂದು ಸಮಾನದೋಷವುಂಟು: ವಾದಿಗಳೆಲ್ಲರೂ ಸ್ಟೇರಿಂಗಿನ ಹಿಂದೆ ಕುಳಿತು ಮಾತನಾಡುತ್ತಿರುವರು. ಉದ್ದವನ್ನು ತೆರಿಗೆಯು ಮೊಟಕುಗೊಳಿಸಿತು. ಎಂಜಿನ್ನಿಗೆ ಮುಂಭಾಗದಲ್ಲಿ ಜಾಗ ಬೇಕೇ ಬೇಕು. ಡಿಕ್ಕಿಯ ಲೀಟರುಗಳು ಜಾಹೀರಾತಿನಲ್ಲಿ ಅಚ್ಚಾಗುವುದರಿಂದ ಅವನ್ನು ಕಡಿಮೆ ಮಾಡುವ ಹಾಗಿಲ್ಲ. ಹೀಗೆ ಮುಂದಿನಿಂದಲೂ ಹಿಂದಿನಿಂದಲೂ ಒತ್ತಡ ಬಿದ್ದಾಗ, ಸಂಖ್ಯೆಯ ರೂಪದಲ್ಲಿ ಎಲ್ಲಿಯೂ ಅಚ್ಚಾಗದೆ ಉಳಿದಿರುವ ಏಕೈಕ ಪ್ರದೇಶವಾದ ಹಿಂದಿನ ಸೀಟೇ ಆ ಒತ್ತಡವನ್ನೆಲ್ಲ ಮೌನವಾಗಿ ನುಂಗಿಕೊಳ್ಳುವುದು. ಅಲ್ಲಿ ಮೂವರು ವಯಸ್ಕರ ಭುಜಗಳು ಒಂದರ ಹಿಂದೆ ಒಂದು ಅಡಗಿಕೊಳ್ಳಬೇಕು. ಮಧ್ಯದಲ್ಲಿರುವವನು ಮೊಣಕಾಲುಗಳನ್ನು ಎದೆಗೆ ತಂದುಕೊಂಡು ಪದ್ಮಾಸನಕ್ಕೂ ಉತ್ಕಟಾಸನಕ್ಕೂ ನಡುವಿನ ಆಸನವೊಂದನ್ನು ಕಂಡುಹಿಡಿಯಬೇಕು. ಎತ್ತರದ ಹೊಸ್ತಿಲನ್ನು ಮೊಣಕಾಲು ನೋವಿನ ಅಜ್ಜಿಯು ಏರಬೇಕು. ಸಾಲಕ್ಕೆ ಸಹಿ ಹಾಕಿದವನಿಗೆ ಇವು ಯಾವುವೂ ಗೋಚರಿಸುವುದಿಲ್ಲ; ಏಕೆಂದರೆ ಅವನು ಅಲ್ಲಿ ಎಂದೂ ಕೂರುವುದಿಲ್ಲ.

ಆದಕಾರಣ, ಟೆಸ್ಟ್ ಡ್ರೈವಿಗೆ ಹೋಗತಕ್ಕವನು ಮನೆಯವರೆಲ್ಲರನ್ನೂ ಸಾಮಾನುಸಮೇತ ಕರೆದೊಯ್ದು, ತಾನು ದಿನವೂ ಓಡಾಡುವ ರಸ್ತೆಯಲ್ಲಿಯೇ ಕಾರನ್ನು ಓಡಿಸಿ, ಅರ್ಧದಾರಿಯಲ್ಲಿ ಕೀಲಿಯನ್ನು ಇನ್ನೊಬ್ಬರಿಗೆ ಕೊಟ್ಟು, ತಾನೇ ಹಿಂದಿನ ಸೀಟಿಗೆ ಹೋಗಿ ಕುಳಿತು ವಿಚಾರ ಮಾಡುವುದೇ ಷಟ್ಪ್ರಮಾಣಗಳಲ್ಲಿ ಪರಮಪ್ರಮಾಣವೆಂಬುದು ನಮ್ಮ ಸಿದ್ಧಾಂತ. ಶೋರೂಮಿನ ಹುಡುಗನು “ಅಷ್ಟು ದೂರ ಬೇಡ ಸಾರ್” ಎಂದರೆ, ಆ ಮಾತೂ ಒಂದು ಪ್ರಮಾಣವೇ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವನು ಕಾರು ಕೊಳ್ಳುವನೆಂದಾಗಲಿ ಬಿಡುವನೆಂದಾಗಲಿ ನಾವು ಭರವಸೆ ಕೊಡಲಾರೆವು. ಯಾಕೆಂದರೆ ಬಹುಮಂದಿ ಬಣ್ಣವನ್ನು ನಿಶ್ಚಯಿಸಿದ ಅನಂತರವೇ ಶಾಸ್ತ್ರವನ್ನು ತೆರೆಯುವರು. ಆದರೆ ಕೊಂಡ ವಾರದೊಳಗಾಗಿ “ಇದಕ್ಕಿಂತ ಅದೇ ಚೆನ್ನಾಗಿತ್ತಲ್ಲ ಬಾವ” ಎಂದು ಹೇಳುವ ಪಂಡಿತನೊಬ್ಬನು ಮನೆಗೆ ಬರುವುದು ಮಾತ್ರ ನಿಶ್ಚಯ. ಅವನೊಡನೆ ವಾದಕ್ಕೆ ಇಳಿಯತಕ್ಕದ್ದಲ್ಲ. ಕಾಫಿ ಕೊಟ್ಟು ಸತ್ಕರಿಸಿ, ಹಿಂದಿನ ಸೀಟಿನ ನಟ್ಟನಡುವೆ ಕೂರಿಸಿಕೊಂಡು, ಅರಕಲಗೂಡಿನವರೆಗೆ ಒಂದು ಸುತ್ತು ಹೋಗಿಬರತಕ್ಕದ್ದು.