ಹೊಸ ಮನೆ, ಹೊಸ ಓನರ್

ಹತ್ತೊಂಬತ್ತು ವರ್ಷ ಬೆಂಗಳೂರಿನ ಬಾಡಿಗೆ ಮನೆಯಲ್ಲಿದ್ದೆವು. ಹತ್ತು ತಿಂಗಳ ಅಡ್ವಾನ್ಸು, ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ಗೋಡೆಗೊಂದು ಮೊಳೆ ಹೊಡೆಯಲೂ ಓನರ್ ಅಪ್ಪಣೆ. ಆ ಸಿಟ್ಟಿಗೇ ಸಾಲ ಮಾಡಿ 30–40ರ ಸೈಟಿನಲ್ಲಿ ಸ್ವಂತ ಮನೆ ಕಟ್ಟಿಸಿದೆ. ಇನ್ನು ನಮಗೆ ನಾವೇ ಯಜಮಾನರು ಅಂದುಕೊಳ್ಳುವಷ್ಟರಲ್ಲಿ ಮಗ ಲ್ಯಾಪ್‌ಟಾಪ್ ಬಿಚ್ಚಿದ. 'ಅಪ್ಪ, ಮನೇನ ಸ್ಮಾರ್ಟ್ ಮಾಡಿಸೋಣ.'

ಪಟ್ಟಿ ಉದ್ದವಿತ್ತು. ಪರದೆ ತಾನೇ ಸರಿಯುತ್ತದೆ, ಬಾಗಿಲು ಬೆರಳು ಗುರುತಿಸುತ್ತದೆ, ಗೀಸರನ್ನು ಆಫೀಸಿನಿಂದಲೇ ಹಾಕಬಹುದು. ನಾನು ಆಫೀಸಿನಲ್ಲಿರುವಾಗ ಬಿಸಿನೀರು ಯಾರಿಗೆ ಅಂತ ಕೇಳಿದೆ. ಹಳೇ ಕಾಲದ ಪ್ರಶ್ನೆಯಂತೆ.

ಮೊದಲ ಪೆಟ್ಟು ಎಲೆಕ್ಟ್ರಿಷಿಯನ್ ಕೊಟ್ಟ. 'ಸಾರ್, ಈ ಸ್ಮಾರ್ಟ್ ಸ್ವಿಚ್ಚಿಗೆ ನ್ಯೂಟ್ರಲ್ ವೈರ್ ಬೇಕಲ್ಲ?' ಸಾಕೆಟ್ ಇರುವ ಬೋರ್ಡಿಗೆ ಹೇಗೂ ನ್ಯೂಟ್ರಲ್ ಬಂದಿರುತ್ತದೆ. ಬರೀ ದೀಪದ ಸ್ವಿಚ್ಚಿಗಾದರೆ ನಮ್ಮ ಕಡೆ ಸಾಮಾನ್ಯವಾಗಿ ಫೇಸ್ ಮಾತ್ರ ಎಳೆಯುವುದು. ಹಳೇ ಸ್ವಿಚ್ಚು ಪಾಪದ್ದು, ಕರೆಂಟನ್ನು ಬಿಡುತ್ತದೆ, ತಡೆಯುತ್ತದೆ, ತಾನು ಒಂದು ತೊಟ್ಟೂ ಕುಡಿಯುವುದಿಲ್ಲ. ಸ್ಮಾರ್ಟ್ ಸ್ವಿಚ್ಚಿನ ಹೊಟ್ಟೆಯಲ್ಲಿ ರೇಡಿಯೋ ಇದೆ. ದೀಪ ಆರಿದ ಮೇಲೂ ಅದು ಕಿವಿ ನಿಮಿರಿಸಿ ಕೂತಿರಬೇಕು, ಆದ್ದರಿಂದ ಬಹುಪಾಲು ಇಂಥವಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಪ್ರತ್ಯೇಕ ಊಟ. ಪ್ಲಾಸ್ಟರ್ ಮುಗಿದು ಬಣ್ಣ ಕಾಯುತ್ತಿದ್ದ ಗೋಡೆಗಳನ್ನು ಮತ್ತೆ ಕೊರೆದರು. (ಮನೆ ಕಟ್ಟಿಸುತ್ತಿರುವವರೇ, ಪ್ಲಾಸ್ಟರಿಗೆ ಮೊದಲೇ ಎಲ್ಲ ಬಾಕ್ಸಿಗೂ ನ್ಯೂಟ್ರಲ್ ಎಳೆಸಿಬಿಡಿ. ಈ ಬರಹದಿಂದ ಆಗುವ ಲಾಭ ಅಷ್ಟೇ.)

ಆಮೇಲೆ ಆಪ್‌ನ ಕರಾರು. ಹಳೇ ಓನರ್‌ದು ಹನ್ನೊಂದು ತಿಂಗಳ ಅಗ್ರಿಮೆಂಟು, ಎರಡೇ ಹಾಳೆ, ಕನ್ನಡಕ ಹಾಕಿಕೊಂಡು ಓದಿ ಸಹಿ ಮಾಡಿದ್ದೆ. ಈ ಕರಾರು ಎಷ್ಟು ಹಾಳೆಯೋ ಯಾರೂ ನೋಡಲಿಲ್ಲ. 'ಒಪ್ಪಿದೆ' ಅಂತ ಒತ್ತಿ ಒಳಗೆ ಹೋದೆವು. ಕ್ಯಾಮೆರಾ ಇವತ್ತು ಕಂಡದ್ದನ್ನು ನಾಳೆ ನೋಡಬೇಕೆಂದರೆ ತಿಂಗಳ ಚಂದಾ. ನಮ್ಮ ಮನೆಯಲ್ಲಿ ಅದಕ್ಕೆ ಬಾಡಿಗೆ ಅನ್ನುತ್ತಿದ್ದರು.

ಈ ಹೊಸ ಓನರ್ ಖಾಲಿ ಮಾಡಿಸುವುದೂ ಉಂಟು. ಅಮೆರಿಕದಲ್ಲಿ ಮನೆಯ ಸ್ಮಾರ್ಟ್ ಸಾಮಾನುಗಳನ್ನು ಆಡಿಸುವ ರಿವಾಲ್ವ್ ಅಂತ ಒಂದು ಹಬ್ ಇತ್ತು, 300 ಡಾಲರಿನದು. ನೆಸ್ಟ್ ಕಂಪನಿ ಅದನ್ನು 2014ರಲ್ಲಿ ಕೊಂಡು, 2016ರ ಮೇ ತಿಂಗಳಲ್ಲಿ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟವರ ಕೈಯಲ್ಲಿ ಪ್ಲಾಸ್ಟಿಕ್ ಡಬ್ಬಿ ಉಳಿಯಿತು. 2025ರ ಅಕ್ಟೋಬರ್ 20ರಂದು ವರ್ಜೀನಿಯಾದಲ್ಲಿ ಅಮೆಜಾನ್‌ನ ಕ್ಲೌಡ್ ಕೆಟ್ಟಾಗ, ಅದನ್ನೇ ನೆಚ್ಚಿಕೊಂಡಿದ್ದ ಸ್ಮಾರ್ಟ್ ಹಾಸಿಗೆಗಳಲ್ಲಿ ಕೆಲವು ವಿಪರೀತ ಕಾದವು, ಕೆಲವು ಅರ್ಧ ಎದ್ದು ಹಾಗೇ ನಿಂತವು. ನಮ್ಮ ಹಳೇ ಓನರ್ ನೀರು ನಿಲ್ಲಿಸಿದ್ದ, ಹಾಸಿಗೆಗೆ ಕೈ ಹಾಕಿರಲಿಲ್ಲ.

ಮಗನನ್ನು ಕೇಳಿದೆ, ನೆಟ್ ಹೋದರೆ ದೀಪ ಹತ್ತುತ್ತಾ? ಹೋಮ್ ಅಸಿಸ್ಟೆಂಟ್, ಜಿಗ್‌ಬೀ ಅಂತೆಲ್ಲ ಮನೆಯೊಳಗೇ ಓಡುವ ಏರ್ಪಾಡು ಇದೆ, ಆದರೆ ಕೂತು ಕಲಿಯಬೇಕು ಅಂದ. ಅಷ್ಟು ಪುರುಸೊತ್ತಿದ್ದರೆ ಎದ್ದು ಹೋಗಿ ಸ್ವಿಚ್ ಹಾಕಬಹುದಿತ್ತಲ್ಲ!

ಕರೆಂಟಿನದು ಇನ್ನೊಂದು ಕಥೆ. ಸ್ಮಾರ್ಟ್ ಬಲ್ಬಿಗೆ ಹುಟ್ಟುಗುಣ ಒಂದಿದೆ, ಹೋದ ಕರೆಂಟು ಬಂದರೆ ಉರಿದುಬಿಡುವುದು. ಸೆಟ್ಟಿಂಗ್ ಬದಲಿಸಬಹುದಂತೆ, ನಡುರಾತ್ರಿ ಮೂರಕ್ಕೆ ಮಲಗುವ ಕೋಣೆಗಳು ಮದುವೆ ಛತ್ರವಾದ ಮೇಲೆ ನಮಗದು ತಿಳಿಯಿತು. ಕೆಲಸದಾಕೆಗೂ ಒಂದು ಚಟ, ಹೊರಡುವಾಗ ಗೋಡೆಯ ಸ್ವಿಚ್ಚನ್ನೇ ಆರಿಸುತ್ತಾಳೆ. ಆ ಕ್ಷಣಕ್ಕೆ ಎರಡು ಸಾವಿರದ ಬಲ್ಬು ಗಾಜಿನ ಬುರುಡೆ. 'ಸ್ವಿಚ್ ಮುಟ್ಟಬೇಡಿ' ಅಂತ ಚೀಟಿ ಅಂಟಿಸಿದ್ದೇವೆ. ಸ್ವಂತ ಮನೆಯಲ್ಲಿ.

ಅಮ್ಮನದೇ ದೊಡ್ಡ ಪಾಡು. ಹಾಲ್‌ನ ಸ್ಪೀಕರಿಗೆ ಇಂಗ್ಲಿಷ್ ಬರುತ್ತದೆ, ಹಿಂದಿ ಬರುತ್ತದೆ, ಕನ್ನಡ ಗೊತ್ತಿಲ್ಲ. ಬೆಂಗಳೂರಿಗೆ ಬಂದವರು ಕಲಿಯಬೇಕು ಅಂತ ಬೀದಿಯಲ್ಲಿ ಜಗಳ ಆಡುವ ನಾವೇ ಅದಕ್ಕೆ ಟೀಪಾಯಿ ಬಿಟ್ಟುಕೊಟ್ಟಿದ್ದೇವೆ. ಅಮ್ಮ ದೀಪ 'ಆರಿಸು' ಅನ್ನುವವಳಲ್ಲ, ಅದು ಅಶುಭ. 'ದೀಪ ಶಾಂತ ಮಾಡಪ್ಪ' ಅಂದಳು. ಅದು ಮೈಸೂರಿನ ಶಾಂತಾ ಚಿಕ್ಕಮ್ಮನಿಗೆ ಫೋನ್ ಹಚ್ಚಿತು, ರಾತ್ರಿ ಹನ್ನೊಂದಕ್ಕೆ. ಯಾರು ಹೋಗಿಬಿಟ್ಟರೋ ಅಂತ ಆಕೆ ಅಳುತ್ತಲೇ ಎತ್ತಿಕೊಂಡಳು.

ಮರುದಿನವೇ ಅಮ್ಮನ ಕೋಣೆಗೆ ಹಳೇ ಟಕ್ ಟಕ್ ಸ್ವಿಚ್ಚು ಹಾಕಿಸಿದೆ. ನೆಟ್ ಹೋದ ಸಂಜೆ ಮಗನೂ ಸೇರಿ ಮನೆಮಂದಿಯೆಲ್ಲ ಕೂರುವುದು ಈಗ ಅಲ್ಲೇ.